ಲೋಟದ ಮೇಲಿನ ತೂ.ಪ.

ಮೇ ೬, ಬುಧವಾರ

ಮೈ ಸೋತಿದೆ, ನಿದ್ದೆ ಮಾತ್ರ ಬರುತ್ತಿಲ್ಲ.

ತೂ.ಪ. ಎಂದರೆ ತಮಿಳಿನಲ್ಲಿ ತೂಯ್ಮೈ ಪಣಿಯಾಳರ್, ಶುಚಿ ಕೆಲಸದವರು; ಈ ಊರಿನ ಕಸ ಬಳಿಯುವ ನಾವು. ತಳ್ಳುಗಾಡಿಯ ಮೇಲೆ ತೂ.ಪ., ಜಾಕೀಟಿನ ಬೆನ್ನ ಮೇಲೆ ತೂ.ಪ. ಕೆಲಸದ ಗುರುತು, ಇರಲಿ. ಆದರೆ ವಾರ್ಡ್ ಆಫೀಸಿನ ಕಿಟಕಿಯ ಹೊರಗೆ ಬೇರೆಯಾಗಿ ಕವುಚಿಟ್ಟ ಲೋಟಗಳ ಮೇಲೂ ತೂ.ಪ.! ಅಲ್ಲಿ ಅದಕ್ಕೆ ಒಂದೇ ಅರ್ಥ: ಹೊಲಸು, ದೂರ ಇರು.

ಆಫೀಸಿನ ಒಳಗಿನವರ ಲೋಟಗಳನ್ನು ತೊಳೆಯುವವರೂ ನಾವೇ. ನಿನ್ನೆ ಸಂಜೆ ನಮ್ಮ ಜೊತೆ ಕೆಲಸ ಮಾಡುವ ಪೇಚ್ಚಿಯಕ್ಕ ಅವನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಪಾತ್ರೆ ಅಂಗಡಿಗೆ ನಡೆದಳು. ಮದುವೆಯ ಉಡುಗೊರೆಗೆ ಹೆಸರು ಕೊರೆಯುವ ಮಿಷನ್ನಿನಲ್ಲಿ ಒಂದೂ ಬಿಡದೆ ತೂ.ಪ. ಕೊರೆಸಿ ತಂದಳು.

ಬೆಳಿಗ್ಗೆ ಟೀ ಬಂತು. ಸೂಪರ್‌ವೈಸರ್ ತಂಗಪಾಂಡಿ ಒಂದು ಲೋಟ ಎತ್ತಿದ, ಓದಿದ, ಇಟ್ಟ. ಇನ್ನೊಂದು ಎತ್ತಿದ.

"ನನ್ನ ಲೋಟ ಯಾವ್ದಮ್ಮಾ?"

"ಎಲ್ಲಾ ನಿಮ್ದೇ ಸಾರ್, ಎಲ್ಲಾ ನಮ್ದೇ. ಕುಡೀರಿ, ಆರ್ಹೋಗುತ್ತೆ," ಎಂದಳು ಪೇಚ್ಚಿಯಕ್ಕ.

"ಕೊಬ್ಬು ಜಾಸ್ತಿ ಆಯ್ತಾ ನಿಂಗೆ?"

"ನಂಗೇನಾಗಿದೆ ಸಾರ್? ಗಂಟಲು ಒಣಗ್ತಿರೋದು ನಿಮ್ದು."

ಟೀ ಮುಟ್ಟಲಿಲ್ಲ. ಮಧ್ಯಾಹ್ನದ ಬಿಸಿಲು ಆಸಾಮಿಯನ್ನು ಸೋಲಿಸಿತು. ಗೋಡೆಗೆ ಮುಖ ಮಾಡಿ ನೀರು ಕುಡಿದ, ತೂ.ಪ. ಲೋಟದಲ್ಲೇ! ಬಾಗಿಲಲ್ಲಿ ನಿಂತು ಎಲ್ಲರೂ ನೋಡಿದೆವು. ಆಮೇಲೆ ನಾನು ಒಳಗೆ ಹೋಗಿ, ಅವನ ಮೇಜಿನ ಲೋಟವನ್ನೇ ಎತ್ತಿ, ಅವನೆದುರೇ ನೀರು ತುಂಬಿಕೊಂಡು ಗಟಗಟ ಕುಡಿದೆ.

ನಾಳೆಯಿಂದ ಪೇಪರ್ ಕಪ್ ತರಿಸುತ್ತಾನಂತೆ. ತರಿಸಲಿ. ಪೇಚ್ಚಿಯಕ್ಕ ಆಗಲೇ ನನ್ನ ಪೆನ್ನು ಕೇಳಿದ್ದಾಳೆ. ಈ ಡೈರಿಯಲ್ಲೇ ಶಾಯಿ ಮುಗಿಸಿಬಿಟ್ಟರೆ ಕಪ್‌ಗಳ ಮೇಲೆ ತೂ.ಪ. ಬರೆಯುವುದು ಹೇಗೆ? ಇಲ್ಲಿಗೆ ಸಾಕು.