ಅಜ್ಜಿ ಕಟ್ಟಿದ ಉಡುದಾರ

ರಾಜಾಜಿನಗರ, ಆಸ್ಪತ್ರೆಯಿಂದ
೧೨ ಆಗಸ್ಟ್ ೨೦೨೫, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅತ್ತೆಗೆ ನಿಮ್ಮ ಸೊಸೆ ಸುಮಾಳ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಕೆಂಗೇರಿ ಉಪನಗರದಲ್ಲಿ ಕಲಕ್ಕನ ಮನೆ ಮೂರನೇ ಮಹಡಿ. ಆ ಮೆಟ್ಟಿಲುಗಳನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಿದ್ದೀರೋ. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ನಿಮ್ಮ ಫೋನನ್ನು ನಮ್ಮ ಕುರುಬರಹಳ್ಳಿ ಮನೆಯ ರಾಗಿ ಡಬ್ಬದ ಮೇಲೇ ಬಿಟ್ಟು ಹೋಗಿದ್ದೀರಿ. ಕಲಕ್ಕನ ಫೋನಿಗೆ ಮಾಡಿದರೆ ತಲೆನೋವೆಂದು ಮುಸುಕು ಹಾಕಿ ಮಲಗುತ್ತೀರಂತೆ. ಮಗಳ ಮನೆಯಲ್ಲಿ ಅಡಗಿ ಕೂತರೆ ನಾನು ಬಿಡುವವಳಾ? ಅದಕ್ಕೇ ಈ ಕಾಗದ. ನೀವು ಅಕ್ಷರ ಕೂಡಿಸಿಕೊಂಡು ಓದುವವರೆಂದು ದಪ್ಪ ದಪ್ಪಗೆ ಬರೆದಿದ್ದೇನೆ. ಎದುರುಮನೆಯ ಕಾಂತರಾಜು ಅಣ್ಣ ಆಟೋದಲ್ಲಿ ತಂದು ನಿಮ್ಮ ಕೈಗೇ ಕೊಡುತ್ತಾರೆ.

ಪುಟ್ಟನ ವಿಷಯಕ್ಕೆ ಬರುತ್ತೇನೆ. ಜ್ವರ ಇಳಿದಿದೆ. ಕಲ್ಲಿನ ಹಾಗೆ ಬಿಗಿದಿದ್ದ ಹೊಟ್ಟೆ ಮೆತ್ತಗಾಗಿದೆ. ನೀವು ಹೋದ ಮೇಲೆ ಆಪರೇಷನ್ ಆಯಿತು. ಎರಡು ತಿಂಗಳ ಕೂಸನ್ನು ಕುಯ್ದುಬಿಟ್ಟರೇನೋ ಎಂದು ಅಳಬೇಡಿ, ಹೊರಗೆ ಎಲ್ಲೂ ಗಾಯವಿಲ್ಲ. ಉಚ್ಚೆ ಬರುವ ದಾರಿಯಲ್ಲಿ ತೆಳ್ಳನೆಯ ಪೊರೆಯೊಂದು ಅಡ್ಡ ಇತ್ತಂತೆ. ಸಣ್ಣ ಕ್ಯಾಮೆರಾ ಕೊಳವೆ ಬಿಟ್ಟು ಒಳಗೇ ಅದನ್ನು ಬಿಡಿಸಿದರು. ಹೊರಗೆ ಬರಲಾಗದ ಉಚ್ಚೆ ಹಿಂದಕ್ಕೆ ಒತ್ತಿ ಎರಡೂ ಕಿಡ್ನಿ ಊದಿಕೊಂಡಿದ್ದವು. ಈಗ ಟ್ಯೂಬಿನಲ್ಲಿ ಚೆನ್ನಾಗಿ ಹೋಗುತ್ತಿದೆ. ಆದರೆ ಇವತ್ತು ಟ್ಯೂಬು ತೆಗೆಯುತ್ತಾರೆ. ಆಮೇಲೆ ಅವನೇ ಹೊಯ್ಯಬೇಕು. ಹೊಯ್ಯದಿದ್ದರೆ ಮತ್ತೆ ಟ್ಯೂಬು. ಕಿಡ್ನಿಗೆ ಎಷ್ಟು ಪೆಟ್ಟಾಗಿದೆ ಎಂಬುದನ್ನು ಇನ್ನು ವರ್ಷಗಟ್ಟಲೆ ನೋಡುತ್ತಲೇ ಇರಬೇಕಂತೆ. ನನಗೆ ಭಯವಾಗುತ್ತಿದೆ ಅತ್ತೆ. ನಿಮ್ಮ ಮಗ ನನಗೆ ಧೈರ್ಯ ಹೇಳುತ್ತಾರೆ, ಹೇಳಿ ಕಾರಿಡಾರಿಗೆ ಹೋಗಿ ಕಣ್ಣೊರೆಸಿಕೊಂಡು ಬರುತ್ತಾರೆ.

ಇನ್ನು ಆ ಉಡುದಾರ. ಆಪರೇಷನ್‌ಗೆ ಮುಂಚೆ ನರ್ಸ್ ಅದನ್ನು ಕತ್ತರಿಸಿದಾಗ ನೀವು ಬಗ್ಗಿ ಎತ್ತಿಕೊಂಡು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿರಿ. "ನಾನೇ ಬಿಗಿಯಾಗ್ ಕಟ್ಬುಟ್ಟೆ ಕಣವ್ವಾ, ಅದ್ಕೇ ಮಗೀಗೆ ನೀರು ನಿಂತೋಯ್ತು" ಎಂದಿರಿ. ಅಷ್ಟರಲ್ಲಿ ಪುಟ್ಟನನ್ನು ಒಳಗೆ ಕರೆದೊಯ್ದರು. ತಿರುಗಿ ನೋಡಿದರೆ ನೀವಿಲ್ಲ. ನಿಮ್ಮ ಮಾತನ್ನು ಡಾಕ್ಟರ್ ರಾಗಿಣಿಯವರಿಗೆ ಹಾಗೇ ಹೇಳಿದೆ. ಅವರು ನಗಲಿಲ್ಲ. "ಅಜ್ಜಿ ದಾರ ಕಟ್ಟಿದ್ದು ಸೊಂಟಕ್ಕೆ, ಅಡ್ಡ ಇದ್ದಿದ್ದು ಒಳಗೆ. ಮಗು ನಿಮ್ಮ ಹೊಟ್ಟೇಲಿದ್ದಾಗ್ಲೇ ಆಗಿರೋದು ಅದು. ಯಾರ್ ಕೈಯಿಂದಾನೂ ಆಗಿದ್ದಲ್ಲ ಅಂತ ಹೇಳ್ಬಿಡಿ" ಎಂದರು. ದಾರ ಕಟ್ಟಿದ್ದಕ್ಕೇ ನೀವು ಕೆಂಗೇರಿಗೆ ಓಡಿದರೆ, ಒಂಬತ್ತು ತಿಂಗಳು ಹೊತ್ತವಳು ನಾನು ಎಲ್ಲಿಗೆ ಓಡಲಿ? ಹೊಸ ಕರಿದಾರ ತರಿಸಿ ಇಟ್ಟಿದ್ದೇನೆ. ಡಾಕ್ಟರ್ ಹೂಂ ಎಂದ ದಿನ ನೀವೇ ಕಟ್ಟಬೇಕು, ಬೇರೆ ಯಾರೂ ಮುಟ್ಟುವ ಹಾಗಿಲ್ಲ.

ಕಲಕ್ಕನಿಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ನನಗೆಂದು ಇಟ್ಟಿರುವ ಆಶೀರ್ವಾದವನ್ನೂ ಸೇರಿಸಿ ಈ ಸಲ ಪುಟ್ಟನಿಗೇ ಕೊಟ್ಟುಬಿಡಿ.

ನಿಮ್ಮ
ಸುಮಾ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಟ್ಯೂಬು ತೆಗೆದರು. ಹಾಲು ಕುಡಿಸಿದೆ. ಇನ್ನೂ ಒಂದು ಹನಿ ಇಲ್ಲ. ಸ್ನಾನವಾದ ಮೇಲೆ ಕಾಲ ಮೇಲೆ ಕೂರಿಸಿಕೊಂಡು ನೀವು "ಉಸ್ಸ್..." ಎನ್ನುತ್ತಿದ್ದಿರಲ್ಲ, ತಿಣುಕಿ ತಿಣುಕಿಯಾದರೂ ನಿಮಗೆ ಮಾತ್ರ ನಾಲ್ಕು ಹನಿ ಹೊಯ್ಯುತ್ತಿದ್ದ. ನಾನೂ ಉಸ್ಸೆಂದೆ, ನಿಮ್ಮ ಮಗನೂ ಉಸ್ಸೆಂದರು, ವಾರ್ಡಿನವರೆಲ್ಲ ತಿರುಗಿ ನೋಡಿದರು. ಪುಟ್ಟ ಸುಮ್ಮನೆ ನಮ್ಮ ಮುಖ ನೋಡುತ್ತಿದ್ದಾನೆ. ಕಾಂತರಾಜು ಅಣ್ಣನಿಗೆ ಖಾಲಿ ಆಟೋ ವಾಪಸ್ ತರಬೇಡಿ ಎಂದಿದ್ದೇನೆ. ಕಾಗದ ಕೊಟ್ಟು ಕೆಳಗೇ ನಿಂತಿರುತ್ತಾರೆ. ಚಪ್ಪಲಿ ಮೆಟ್ಟಿ, ಬನ್ನಿ.