ವೇಪಿನ ಬತ್ತಿ

ಅಪ್ಪಾ,

ನೀನು ತೀರಿಕೊಂಡ ಮೇಲೆ ಇವತ್ತು ಮುಂಜಾನೆ ಮೊದಲ ಸಲ ನಿನ್ನ ವೇಪ್, ಆ ಬ್ಯಾಟರಿ ಸಿಗರೇಟು, ಬಿಚ್ಚಿ ಅದರ ರಸ ಹೀರುವ ಹೊಸ ಬತ್ತಿ ಮಾಡಿದೆ. ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯನ್ನು ಎರಡು ಬೆರಳಗಲ ಕತ್ತರಿಸಿ, ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ, ಆರಿದ ಮೇಲೆ ದಬ್ಬಣಕ್ಕೆ ಬಿಗಿಯಾಗಿ ಸುರುಳಿ ಸುತ್ತಿದೆ. ಅದರ ಮೇಲೆ ತಂತಿ ಸುತ್ತಿ, ವೇಪಿಗೆ ಕೂಡಿಸಿ ಗುಂಡಿ ಒತ್ತಿದರೆ ತಂತಿ ಒಂದೇ ಸಮ ಕೆಂಪಾಯಿತು.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು.

"ಯಾರಿಗಿ ಮಾಡಾಕತ್ತೀಯೋ ಬೀರ್ಯಾ?"

"ಸುಮ್ನ ಮಾಡೇನಿ ಬೇ."

"ನಿಮ್ಮಪ್ಪ ಎಂಟ ದಿನಾ ಕೇಳಿದ್ರು" ಎಂದಳು.

ಬೀಡಿ ಬಿಡಿಸಬೇಕೆಂದು ಆ ವೇಪ್ ತಂದುಕೊಟ್ಟವನು ನಾನೇ. ಎರಡು ತಿಂಗಳು ನೀನು ಬೀಡಿ ಮುಟ್ಟಲಿಲ್ಲ. ಬತ್ತಿ ಸುಟ್ಟು ಕಹಿಯಾದಾಗ, "ಗಂಟಲಾ ಉರಿತೈತಿ, ಬ್ಯಾರೆ ಬತ್ತಿ ಮಾಡಿಕೊಡೋ" ಎಂದು ಸಂಶಿಯ ನನ್ನ ಅಂಗಡಿಗೇ ಬಂದೆ. ಮೋಟಾರ್ ರಿಪೇರಿ ಕೆಲಸ ಬಹಳ ಇತ್ತು. ನಾಳೆ ಎಂದೆ. ದಿನಾಲೂ ನಾಳೆ ಎಂದೆ. ಒಂಬತ್ತನೆಯ ದಿನ ನಿನ್ನ ಅಂಗಿಯ ಜೇಬಿನಲ್ಲಿ ಬೀಡಿಕಟ್ಟು ಕಂಡಿತು. ಆಮೇಲೆ ನೀನು ಮತ್ತೆ ಬತ್ತಿಯ ಮಾತು ಎತ್ತಲಿಲ್ಲ.

ಇವತ್ತು ಆ ಬತ್ತಿ ಮಾಡಲು ಎಲ್ಲಾ ಸೇರಿ ಅರ್ಧ ತಾಸು ಹಿಡಿಯಿತು, ಅಪ್ಪಾ.