ಮೆಟ್ಟಿಲಿಲ್ಲದ ಮೊದಲ ಆವೃತ್ತಿ

ಒಂದು ಕಾಲದ ಭಾವನವರಿಗೆ,

ನಿಮ್ಮ ನಾದಿನಿಯಾಗಿದ್ದವಳು ಬರೆಯುತ್ತಿದ್ದೇನೆ. ಕ್ಷೇಮ ವಿಚಾರಿಸುವ ಮನಸ್ಸಿಲ್ಲ, ಆದ್ದರಿಂದ ವಿಚಾರಿಸುತ್ತಿಲ್ಲ. ನೀವು ಅಕ್ಕನಿಗೆ ಬರೆದ ಪತ್ರ ತಲುಪಿತು. ಅವಳು ಅದನ್ನು ಓದಿ, ಮಡಚಿ, ನನ್ನ ಕೈಗಿಟ್ಟು, ಒಗೆದ ಬಟ್ಟೆಯ ಬುಟ್ಟಿ ಎತ್ತಿಕೊಂಡು ತಾರಸಿಗೆ ಹೋದಳು. ಹೀಗೆ ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಿಮ್ಮ ಗ್ರಹಚಾರ ಅಂದುಕೊಳ್ಳಿ.

ಏನು ನಯ, ಏನು ವಿನಯ ಭಾವ ನಿಮ್ಮದು. 'ಹಳೆಯ ನೆನಪಿಗಾಗಿ ಒಂದು ಸಣ್ಣ ಕೋರಿಕೆ' ಎಂದು ಶುರು ಮಾಡಿದ್ದೀರಿ. ಭಾನುವಾರಗಳಂದು ನಮ್ಮ ಮನೆಯ ಊಟದ ಮೇಜಿನ ಸುತ್ತ ಕೂತು ಆಡುತ್ತಿದ್ದ, ದಾಳ ಉರುಳಿಸಿ ಕಥೆ ಕಟ್ಟುವ ಆಟಕ್ಕೆ ಎರಡು ನಿಯಮಪುಸ್ತಕಗಳಿದ್ದವು. ಬೇರೆಯಾಗುವಾಗ ಒಂದನ್ನು ನೀವು ಒಯ್ದಿರಿ, ಇನ್ನೊಂದು ಅಕ್ಕನಿಗೆ ಉಳಿಯಿತು. ಈಗ ಅದಲುಬದಲು ಮಾಡಿಕೊಳ್ಳೋಣ ಎನ್ನುತ್ತೀರಿ. 'ನಿನ್ನದು ಪಾಪ ಹರಿದುಹೋಗಿದೆ, ಹಾಳೆ ಉದುರುತ್ತಿರಬಹುದು. ನನ್ನದು ಹೊಸದರಂತಿದೆ, ಅದೂ ಮೊದಲ ಆವೃತ್ತಿ, ನಿನಗೇ ಇರಲಿ.' ನಂಬಿಕೆ ಬರಲೆಂದು ಪುಸ್ತಕದ ಒಳಗೂ ಹೊರಗೂ ಫೋಟೋ ತೆಗೆದು ಜೊತೆಗಿಟ್ಟಿದ್ದೀರಿ. ಕಿವಿಯ ಮೇಲೆ ಹೂವಿಡುವುದಕ್ಕೂ ಒಂದು ಮಿತಿ ಬೇಡವೇ?

ಹಲ್ಲಿನ ಡಾಕ್ಟರು ಈಗಲೂ ಭಾನುವಾರ ನಮ್ಮ ಮನೆಗೆ ಆಡಲು ಬರುತ್ತಾರೆ. ಇದು ನಿಮಗೆ ಗೊತ್ತಿಲ್ಲವೆಂದು ಕಾಣುತ್ತದೆ. ಈ ಕೋರಿಕೆ ಬರೆಯುವ ಮುಂಚೆ ನೀವು ಭಾಷಣ ಮಾಡಿದ ಹಳೆಯ ಆಟಗಳ ಸಂಗ್ರಾಹಕರ ಸಭೆಗೆ ಅವರೂ ಹೋಗಿದ್ದರು, ಕೊನೆಯ ಸಾಲಿನಲ್ಲಿ ಕೂತಿದ್ದರು. ಅಕ್ಕನೆದುರು ನಿಮ್ಮ ಸುದ್ದಿ ಎತ್ತಲು ಅವರಿಗೆ ಸಂಕೋಚ, ಗೇಟಿನ ಹತ್ತಿರ ನನ್ನೊಬ್ಬಳಿಗೇ ಹೇಳಿದರು. ಮೊದಲ ಆವೃತ್ತಿಯನ್ನು ಗುರುತಿಸುವುದು ಹೇಗೆ ಎಂಬುದು ನಿಮ್ಮ ವಿಷಯವಂತೆ. ಗಂಟಲು ಸರಿಮಾಡಿಕೊಂಡು, ನಿಮ್ಮ ಕೆಂಪು ಮುಖಪುಟದ ಪುಸ್ತಕವನ್ನು ಮಗುವಿನ ಹಾಗೆ ಎತ್ತಿ ತೋರಿಸಿದಿರಂತೆ. ಆಗ ಊರುಗೋಲು ಹಿಡಿದ ಒಬ್ಬ ಹೆಂಗಸು ಕೋಟೆಯ ನಕ್ಷೆಯ ಪುಟ ತೆರೆಯಿರಿ ಎಂದು ಕೇಳಿದರು. ತೆರೆದಿರಿ. "ಇದ್ರಲ್ಲಿ ಮೆಟ್ಟಿಲು ಇದೆಯಲ್ಲಪ್ಪಾ" ಅಂದರು ಆಕೆ. ಆಮೇಲೆ ನೀವು ಕುಡಿದ ನೀರಿನ ಲೋಟಗಳ ಬಗ್ಗೆ ಡಾಕ್ಟರು ವಿವರವಾಗಿಯೇ ಹೇಳಿದರು.

ಮೊದಲ ಆವೃತ್ತಿಯ ತಜ್ಞರಿಗೆ ಮುದ್ರಣಾಲಯದ ಬೈಂಡಿಂಗ್ ವಿಭಾಗದವಳಾದ ನಾನು ಪಾಠ ಹೇಳಬೇಕಾಗಿದೆ, ಕೇಳಿ. ಮುಖಪುಟ ಎಂದರೆ ನಮ್ಮಲ್ಲಿ ಎಲ್ಲ ಮುಗಿದ ಮೇಲೆ ಅಂಟಿಸುವ ಕಾಗದ. ಯಾವ ಪುಸ್ತಕಕ್ಕೆ ಯಾವುದನ್ನು ಬೇಕಾದರೂ ಅಂಟಿಸಬಹುದು, ಪುಸ್ತಕ ಬೇಡ ಅನ್ನುವುದಿಲ್ಲ. ಆ ಆಟ ಮಾಡಿದವರು ಎಷ್ಟೋ ವರ್ಷಗಳ ನಂತರ ಎರಡನೆಯ ಆವೃತ್ತಿಯನ್ನೇ ಮತ್ತೆ ಅಚ್ಚು ಹಾಕಿ, ಹಳೆಯ ನೆನಪಿಗೆ ಮೊದಲನೆಯದರ ಕೆಂಪು ಮುಖಪುಟ ತೊಡಿಸಿದರು. ಶೀರ್ಷಿಕೆ ಪುಟದ ಹಿಂದೆ ಸಣ್ಣ ಅಕ್ಷರದಲ್ಲಿ ಅದನ್ನು ಹೇಳಿಯೂ ಇದ್ದಾರೆ. ಕಾಗದ ಎಷ್ಟು ಬೆಳ್ಳಗಿದೆ ಎಂದು ತೋರಿಸಲು ನೀವು ಆ ಪುಟದ ಫೋಟೋವನ್ನೇ ಕಳಿಸಿದ್ದೀರಿ ಭಾವ. ಓದಬಹುದಿತ್ತು.

ನಿಜವಾದ ಮೊದಲ ಆವೃತ್ತಿಯಲ್ಲಿ ಕೋಟೆಗೆ ಮೂರು ಅಂತಸ್ತು ಇವೆ, ಮೇಲೆ ಹತ್ತುವ ಮೆಟ್ಟಿಲೇ ಇಲ್ಲ. ನಕ್ಷೆ ಬರೆದವರು ಮರೆತಿದ್ದರು. ಎರಡನೆಯದರಲ್ಲಿ ಸೇರಿಸಿದರು. ದಾಳ ಉರುಳಿಸಿದಾಗ ಮೊದಲನೆಯದರಲ್ಲಿ ಚಿಕ್ಕ ಸಂಖ್ಯೆ ಗೆಲ್ಲುತ್ತದೆ, ಎರಡನೆಯದರಲ್ಲಿ ದೊಡ್ಡದು. ಅಕ್ಕನ ಪುಸ್ತಕದಲ್ಲಿ ಮೆಟ್ಟಿಲಿಲ್ಲ, ಚಿಕ್ಕ ಸಂಖ್ಯೆಯೇ ಗೆಲ್ಲುತ್ತದೆ. ಅದರ ಮುಖಪುಟ ಕಿತ್ತುಹೋಗಿ, ನಾನೇ ಬೂದು ಬಣ್ಣದ ರಟ್ಟು ಹಾಕಿ ಹೊಲಿದುಕೊಟ್ಟಿದ್ದೆ. ನೀವು ಸುಟ್ಟ ಅಂಗಡಿ, ಜಜ್ಜಿದ ಕಾರು ನೋಡಿ ವಿಮಾ ಕಂಪನಿಗೆ ವರದಿ ಬರೆಯುವ ಸರ್ವೇಯರ್. ವಸ್ತುವನ್ನು ಪರೀಕ್ಷಿಸುವುದಕ್ಕೇ ನಿಮಗೆ ಸಂಬಳ. ನಿಮ್ಮನ್ನು ನಂಬಿದ ಕಂಪನಿಯನ್ನು ನೆನೆದರೆ ಅಯ್ಯೋ ಅನ್ನಿಸುತ್ತದೆ.

ಪುಸ್ತಕದ ವಿಷಯ ಇಷ್ಟೇ ಆಗಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಸುಮ್ಮನಾಗುತ್ತಿದ್ದೆ. ಸುಮ್ಮನಿರಲು ಆಗುತ್ತಿಲ್ಲ.

ನೀವು ಬರುವ ಮುಂಚೆ ಆ ಮೇಜಿನಲ್ಲಿ ಕಥೆ ನಡೆಸುತ್ತಿದ್ದವಳು ಅಕ್ಕ. ಉಳಿದವರು ಒಬ್ಬ ಕಳ್ಳ, ಒಬ್ಬ ವೈದ್ಯ, ಒಬ್ಬ ಸೈನಿಕ ಎಂದು ಒಂದೊಂದು ಪಾತ್ರವಾಗಿ ಕೂರುತ್ತಿದ್ದರು, ಎದುರಿಗೆ ಏನು ಬಂತು ಎಂದು ಅವಳು ಹೇಳುತ್ತಿದ್ದಳು, ಗೆದ್ದರೋ ಸೋತರೋ ದಾಳ ತೀರ್ಮಾನಿಸುತ್ತಿತ್ತು. ಕೋಟೆಗೆ ಮೆಟ್ಟಿಲಿಲ್ಲದ್ದರಿಂದ ಮೇಲೆ ಹತ್ತುವ ದಾರಿಯನ್ನು ಪ್ರತಿ ಸಲವೂ ಅವಳೇ ಹುಟ್ಟಿಸಬೇಕಿತ್ತು. ಒಂದು ವಾರ ಮೇಲಿನ ಕಿಟಕಿಯಿಂದ ಒಬ್ಬ ಮುದುಕಿ ಬಟ್ಟೆ ಒಣಗಿಸುವ ಹಗ್ಗ ಇಳಿಬಿಟ್ಟಳು, ಅವಳಿಗೆ ಒಬ್ಬಳೇ ಇದ್ದು ಬೇಸರ ಬಂದಿತ್ತಂತೆ. ಇನ್ನೊಂದು ವಾರ, ಯಾರು ನಿಜ ಹೇಳುತ್ತಾರೋ ಅವರನ್ನು ಗೋಡೆಯೇ ಮೇಲೆತ್ತುತ್ತದೆ ಎಂದಳು. ತನಗೂ ಸೂಜಿ ಕಂಡರೆ ಭಯ ಎಂದು ಡಾಕ್ಟರು ಒಪ್ಪಿಕೊಂಡು ಒಂದೇ ಏಟಿಗೆ ಇಡೀ ಅಂತಸ್ತು ಏರಿದರು. ನಾವೆಲ್ಲ ಊಟ ಮರೆತು ಕೂತಿರುತ್ತಿದ್ದೆವು.

ಮದುವೆಯಾದ ಹೊಸತರಲ್ಲಿ ನೀವು ಆ ಕೆಂಪು ಪುಸ್ತಕ ತಂದಿರಿ. ಅಕ್ಕ ಹಗ್ಗವೋ ಗೋಡೆಯೋ ಎಂದು ಶುರು ಮಾಡಿದಳು. "ಮೆಟ್ಟಿಲು ಇಲ್ಲೇ ಇದೆಯಲ್ಲೇ. ಕಣ್ಣು ಕಾಣಲ್ವಾ ನಿಂಗೆ?" ಎಂದು ನಕ್ಷೆಯನ್ನು ಅವಳ ಮೂಗಿನ ಕೆಳಗೆ ಹಿಡಿದಿರಿ. ಎಲ್ಲರೂ ನಕ್ಕರು. ಅವಳು ಚಿಕ್ಕ ಸಂಖ್ಯೆ ಗೆದ್ದಿತು ಅಂದಾಗ, "ನಮ್ಮನೆಯವಳಿಗೆ ಚಿಕ್ಕದು ಯಾವ್ದು ದೊಡ್ಡದು ಯಾವ್ದು ಇನ್ನೂ ಕಲಿಸ್ತಾ ಇದ್ದೀನಿ" ಅಂದಿರಿ. ಮತ್ತೆ ನಗು. ಒಂದು ಸಲವಲ್ಲ, ಭಾನುವಾರ ಬಂತೆಂದರೆ ಇದೇ. ಮೊದಲು ಅವಳು ಕಥೆ ನಡೆಸುವುದನ್ನು ನಿಮಗೆ ಬಿಟ್ಟುಕೊಟ್ಟಳು, ಆಮೇಲೆ ಆಡುವುದನ್ನು ಬಿಟ್ಟಳು, ಕೊನೆಗೆ ಚಹಾ ತಂದಿಟ್ಟು ಹೋಗುವವಳಾದಳು. ಅವಳ ಕುರ್ಚಿಯ ಮೇಲೆ ಬಂದವರ ಚೀಲಗಳು ಕೂತವು.

ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ ಅವಳಿಗಿದ್ದ ಹೆಸರು ನಿಮಗೂ ಗೊತ್ತು. ಯಾವ ಡಾಕ್ಟರ ಕೋಳಿಕಾಲಿನ ಅಕ್ಷರವನ್ನಾದರೂ ಒಂದೇ ನೋಟಕ್ಕೆ ಓದುತ್ತಿದ್ದಳು. ಅಂಥವಳು ಅಂಗಡಿಯಿಂದ ನನಗೆ ಫೋನ್ ಮಾಡಲು ಶುರು ಮಾಡಿದಳು. "ಒಂದು ಚೀಟಿ ಫೋಟೋ ಕಳಿಸಿದ್ದೀನಿ, ಏನಂತ ಇದೆ ಓದೇ. ನಾನು ಓದಿದ್ದು ಸರಿನಾ?" ರಟ್ಟು ಅಂಟಿಸುವ ನನಗೇನು ಗೊತ್ತು ಮಾತ್ರೆಯ ಹೆಸರು? ಅವಳು ಓದಿದ್ದು ಪ್ರತಿ ಸಲವೂ ಸರಿಯೇ ಇರುತ್ತಿತ್ತು. ಆದರೂ ಮರುದಿನ ಮತ್ತೆ ಫೋನ್ ಬರುತ್ತಿತ್ತು. ಕೊನೆಕೊನೆಗೆ ಕೌಂಟರ್ ಬಿಟ್ಟು ಒಳಗೆ ಪೆಟ್ಟಿಗೆ ಜೋಡಿಸುವ ಕೆಲಸ ಕೇಳಿಕೊಂಡಳು. ಆಗ ನೀವು ಮೇಜಿನ ತುದಿಯಲ್ಲಿ ಕೂತು ಮೊದಲ ಆವೃತ್ತಿಯ ಶ್ರೇಷ್ಠತೆಯನ್ನು ಜನರಿಗೆ ವಿವರಿಸುತ್ತಿದ್ದಿರಿ. ನಿಮ್ಮನ್ನು ಕಂಡರೆ ನನಗೆ ಹೇಸಿಗೆ ಶುರುವಾದದ್ದು ಆವಾಗಲೇ. ನೀವು ಹೋದ ಮೇಲೆ ಅವಳು ಮತ್ತೆ ಕೌಂಟರಿಗೆ ಬರಲು, ಬೂದು ಪುಸ್ತಕ ಮೇಜಿನ ಮೇಲೆ ಬರಲು ಬಹಳ ಕಾಲ ಹಿಡಿಯಿತು.

ಹಾಗಾಗಿ ನಿಮ್ಮ ಪತ್ರ ಓದಿ ಮುಗಿಸಿದವಳೇ ಫೋಟೋಗಳನ್ನು ಹಿಡಿದು ತಾರಸಿಗೆ ಓಡಿದೆ. "ಅಕ್ಕಾ, ನಿನ್ನದೇ ಕಣೇ ಮೊದಲನೇದು. ಅಷ್ಟು ವರ್ಷ ನೀನೇ ಸರಿ ಇದ್ದೆ" ಅಂದೆ. ಅವಳು ದಿಂಬಿನ ಚೀಲ ಕೊಡವಿ ಹಗ್ಗಕ್ಕೆ ಹಾಕಿ ಕ್ಲಿಪ್ ಸಿಕ್ಕಿಸಿದಳು.

"ಗೊತ್ತಿತ್ತು" ಅಂದಳು.

ನೀವು ಪುಸ್ತಕ ತಂದ ದಿನ, ಕೈ ತೊಳೆಯಲು ಹೋದಾಗ, ಅವಳು ಶೀರ್ಷಿಕೆ ಪುಟ ತಿರುವಿ ಹಿಂದಿನ ಸಣ್ಣ ಅಕ್ಷರ ಓದಿದ್ದಳಂತೆ. ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದು ಜಗಳಕ್ಕೇ ನಿಂತೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಎಷ್ಟು ಖುಷಿಯಾಗಿ ತಂದಿದ್ರು ಗೊತ್ತಾ. ನಾಲ್ಕು ಜನರ ಎದುರು ಅವರ ಮುಖ ಸಣ್ಣದಾಗೋದು ನಂಗೆ ನೋಡಕ್ಕಾಗ್ತಿರ್ಲಿಲ್ಲ. ನಿಧಾನಕ್ಕೆ ಹೇಳಿದ್ರಾಯ್ತು ಅಂದ್ಕೊಂಡೆ. ಆಮೇಲೆ ಅವರು ಅನ್ನೋದು ಕೇಳಿ ಕೇಳಿ ನಂಗೇ ಅನುಮಾನ ಬಂತು, ಆವತ್ತು ನಾನು ಓದಿದ್ದು ನಿಜವಾ ಅಂತ."

ಕೇಳಿದಿರಾ ಭಾವ? ತನ್ನ ಕಣ್ಣಾರೆ ಓದಿದ್ದನ್ನು ಅವಳೇ ನಂಬದ ಹಾಗೆ ಮಾಡಿದಿರಿ.

ಬೇರೆಯಾಗುವ ದಿನ ಎರಡೂ ಪುಸ್ತಕಗಳನ್ನು ಅವಳೇ ಮೇಜಿನ ಮೇಲಿಟ್ಟಿದ್ದಳು, ನೆನಪಿರಬಹುದು. "ಅವರು ಒಂದೇ ಒಂದು ಹಾಳೆ ತಿರುಗಿಸಿದ್ರೂ ಹೇಳ್ಬಿಡ್ತಿದ್ದೆ" ಅಂದಳು ಈಗ ತಾರಸಿಯಲ್ಲಿ. ನೀವು ಕೆಂಪು ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, "ಆ ರದ್ದಿ ನೀನೇ ಇಟ್ಕೋ" ಎಂದು ಹೊರಟಿರಿ. ಅಷ್ಟು ವರ್ಷ ಜೊತೆಗಿದ್ದವಳನ್ನು ಬಿಟ್ಟು ಹೋಗುವಾಗಲೂ ನಿಮಗೆ ಒಂದು ಹಾಳೆ ತಿರುವುವಷ್ಟು ವ್ಯವಧಾನವಿರಲಿಲ್ಲ.

ಈಗ ಏನಂತ ಬರೆಯಲಿ ಎಂದು ಕೇಳಿದೆ. ಕೊಟ್ಟುಬಿಡು, ಹೋಗಲಿ ಪಾಪ ಅನ್ನುತ್ತಾಳೆಂದು ಹೆದರಿದ್ದೆ, ಅದು ಅವಳ ಜಾಯಮಾನ. ಅವಳು ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು, "ಕೊಡಲ್ಲ ಅಂತ ಬರಿ" ಅಂದಳು. ಸರಿನಾ ಎಂದು ನನ್ನನ್ನು ಕೇಳಲಿಲ್ಲ. ಇಳಿಯುತ್ತಾ ಒಂದು ಕ್ಷಣ ನಿಂತು, "ಕಾರಣ ಏನೂ ಬರೀಬೇಡ. ಸುಮ್ನೆ ನೊಂದ್ಕೋತಾರೆ" ಅಂದಳು.

ಇವತ್ತಿಗೂ ಅವಳು ನಿಮ್ಮ ಮುಖ ಸಣ್ಣದಾಗದಂತೆ ಕಾಯುತ್ತಿದ್ದಾಳೆ. ನನಗೆ ಅಂಥ ಯಾವ ಹಂಗೂ ಇಲ್ಲ. ಅದಕ್ಕೇ ಅಕ್ಕನ ಮಾತು ಮೀರಿ ಕಾರಣವನ್ನು ಇಷ್ಟುದ್ದ ಬರೆದೆ. ಪುಸ್ತಕ ಕೊಡುವುದಿಲ್ಲ.

ಆರೋಗ್ಯವಾಗಿರಿ, ಬಹಳ ಕಾಲ ಬಾಳಿ. ಇದನ್ನು ಓದುವಾಗ ನಿಮ್ಮ ಎದುರಿಗೆ ಯಾರೂ ಇಲ್ಲದಿರಲಿ ಎಂದು ಹಾರೈಸುತ್ತೇನೆ. ಅಕ್ಕನಾಗಿದ್ದರೆ ಅಷ್ಟನ್ನಾದರೂ ಬಯಸುತ್ತಿದ್ದಳು.

ನಿಮಗೆ ಈಗ ಏನೂ ಆಗಬೇಕಿಲ್ಲದ,
ಅವಳ ತಂಗಿ